ಮೇಲುಕೋಟೆ ಕಡೆಯ ಇಳಿಜಾರು ಹೊಲ: ಏರಿನಲ್ಲಿ ಟ್ರ್ಯಾಕ್ಟರಿನ ಮುಂದಿನ ಚಕ್ರ ಮೇಲೇಳುತ್ತಿದೆ, ಹೆಚ್ಚು ಎಚ್‌ಪಿಯದು ಕೊಂಡರೆ ಸರಿಹೋಗುವುದೇ?

ಪ್ರಶ್ನೆ: ಮೇಲುಕೋಟೆ ಹೋಬಳಿಯ ರೈತ

ಎಲ್ಲರಿಗೂ ನಮಸ್ಕಾರ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಹೋಬಳಿಯಲ್ಲಿ ನಮಗೆ ನಾಲ್ಕೂವರೆ ಎಕರೆ ಜಮೀನಿದೆ. ಜಮೀನು ಒಂದೇ ಕಡೆ ಇದ್ದರೂ ಮೂರು ಮಟ್ಟದಲ್ಲಿದೆ. ಕೆಳಗೆ ತೆಂಗಿನ ತೋಟ, ನಡುವೆ ರಾಗಿ ಹಾಗೂ ಹುರುಳಿ ಬೆಳೆಯುವ ಕೆಂಪು ಮಣ್ಣಿನ ಹೊಲ, ಮೇಲೆ ಗುಡ್ಡಕ್ಕೆ ತಾಗಿಕೊಂಡಿರುವ ಕಲ್ಲುಗಳ ಬೋರೆ.

ಯುಗಾದಿ ಕಳೆದ ವಾರದಲ್ಲಿ ಬಾಡಿಗೆ ಟ್ರ್ಯಾಕ್ಟರಿನಲ್ಲಿ ನಡುವಿನ ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಹೊಡೆಸುತ್ತಿದ್ದೆ. 35 ಎಚ್‌ಪಿಯ, ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಚಾಲನೆಯಿರುವ ಗಾಡಿ. ತೋಟದ ಬದು ದಾಟಿ ಏರು ಹತ್ತುವಾಗ ಹಿಂದಿನ ಚಕ್ರಗಳು ಮಣ್ಣು ಕೆದರುತ್ತಾ ನಿಂತಲ್ಲೇ ತಿರುಗಿದವು. ಚಾಲಕ ಎಂಜಿನ್ ಏರಿಸಿ ಕ್ಲಚ್ ಬಿಟ್ಟಾಗ ಮುಂದಿನ ಎರಡೂ ಚಕ್ರಗಳು ಮೊಣಕಾಲೆತ್ತರ ಎದ್ದವು. ಅವನು ತಕ್ಷಣ ಕ್ಲಚ್ ತುಳಿದಿದ್ದರಿಂದ ಚಕ್ರಗಳು ನೆಲಕ್ಕೆ ಬಿದ್ದವಾದರೂ ಗಾಡಿ ಟ್ರೇಲರ್ ಸಮೇತ ಏಳೆಂಟು ಅಡಿ ಹಿಂದಕ್ಕೆ ಜಾರಿ ಬದುವಿಗೆ ಒರಗಿ ನಿಂತಿತು. ನನ್ನ ಮಗ ಟ್ರೇಲರಿನ ಮೇಲೆ ಕುಳಿತಿದ್ದ. ಏನೂ ಆಗಲಿಲ್ಲ, ಆದರೆ ಅಂದಿನಿಂದ ನನಗೆ ನಿದ್ದೆ ಸರಿಯಾಗಿ ಹತ್ತುತ್ತಿಲ್ಲ.

ಈಗ ಸ್ವಂತ ಟ್ರ್ಯಾಕ್ಟರ್ ಕೊಳ್ಳಬೇಕೆಂದು ಮನೆಯವರೆಲ್ಲ ತೀರ್ಮಾನಿಸಿದ್ದೇವೆ. ವಿಚಾರಿಸಲು ಹೋದ ಮಳಿಗೆಯೊಂದರಲ್ಲಿ ‘ಗುಡ್ಡದ ಹೊಲಕ್ಕೆ 45 ಎಚ್‌ಪಿಗಿಂತ ಕಡಿಮೆ ನಡೆಯುವುದಿಲ್ಲ’ ಎಂದರು. ನಮ್ಮ ಹೊಲವನ್ನು ಅವರು ನೋಡಿಲ್ಲ. ಹೆಚ್ಚು ಎಚ್‌ಪಿ ಇದ್ದರೆ ಈ ತೊಂದರೆ ನಿಜವಾಗಿಯೂ ನಿಲ್ಲುತ್ತದೆಯೇ? ತಿಳಿದವರು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ: ನಾಗಮಂಗಲದ ಮೆಕ್ಯಾನಿಕ್

ಮಗನಿಗೆ ಏನೂ ಆಗಲಿಲ್ಲವೆಂದು ಓದಿ ಸಮಾಧಾನವಾಯಿತು. ಟ್ರೇಲರಿನ ಮೇಲಾಗಲಿ ಮಡ್ಗಾರ್ಡಿನ ಮೇಲಾಗಲಿ ಇನ್ನು ಮುಂದೆ ಯಾರನ್ನೂ ಕೂರಿಸಬೇಡಿ ಅಣ್ಣ.

ಯಾವ ಗಾಡಿ ಎಂದು ಹೇಳುವ ಮೊದಲು ಎರಡು ವಿಷಯ ಗೊತ್ತಾಗಬೇಕು. ಟ್ರೇಲರನ್ನು ಟ್ರ್ಯಾಕ್ಟರಿನ ಯಾವ ಕೊಂಡಿಗೆ ಹಾಕಿದ್ದರು, ಅದು ನೆಲದಿಂದ ಎಷ್ಟು ಎತ್ತರದಲ್ಲಿತ್ತು? ಎರಡನೆಯದು, ನಿಮ್ಮ ಇಳಿಜಾರು ಎಷ್ಟು? ಕಣ್ಣಂದಾಜು ಬೇಡ, ಏರಿನ ವಿಷಯದಲ್ಲಿ ಕಣ್ಣು ಎಲ್ಲರಿಗೂ ಮೋಸ ಮಾಡುತ್ತದೆ. ನೆಟ್ಟಗಿರುವ ಮೂರು ಮೀಟರಿನ ಬಿದಿರು ಗಳುವನ್ನು ಇಳಿಜಾರಿನ ದಿಕ್ಕಿಗೆ ಹಿಡಿದು, ಮೇಲಿನ ತುದಿಯನ್ನು ನೆಲಕ್ಕೆ ಊರಿ, ಗಾರೆ ಕೆಲಸದವರ ರಸಮಟ್ಟವನ್ನು ಗಳುವಿನ ಮೇಲಿಟ್ಟು ಸಮ ಮಾಡಿ. ಆಗ ಕೆಳಗಿನ ತುದಿ ನೆಲದಿಂದ ಎಷ್ಟು ಸೆಂಟಿಮೀಟರ್ ಮೇಲಿದೆಯೆಂದು ಅಳೆದು, ಬಂದದ್ದನ್ನು ಮೂರರಿಂದ ಭಾಗಿಸಿದರೆ ಇಳಿಜಾರು ಶೇಕಡಾ ಎಷ್ಟೆಂದು ಸಿಗುತ್ತದೆ. ಪ್ರತಿ ತುಂಡಿನಲ್ಲೂ ನಾಲ್ಕೈದು ಕಡೆ ಅಳೆಯಿರಿ.

ಪ್ರಶ್ನೆ ಕೇಳಿದವರು

ನೀವು ಹೇಳಿದಂತೆಯೇ ಮಗನೂ ನಾನೂ ಅಳೆದೆವು. ತೋಟದಲ್ಲಿ 12ರಿಂದ 18 ಸೆಂಟಿಮೀಟರ್, ಅಂದರೆ ಶೇಕಡಾ 4ರಿಂದ 6. ಗಾಡಿ ಜಾರಿದ ಹೊಲದಲ್ಲಿ 45 ಸೆಂಟಿಮೀಟರ್, ಶೇಕಡಾ 15. ಮೇಲಿನ ಬೋರೆಯಲ್ಲಿ 66 ಸೆಂಟಿಮೀಟರ್, ಶೇಕಡಾ 22. ಕೆಳಗಿನ ಡ್ರಾಬಾರ್ (ಭಾರ ಎಳೆಯಲೆಂದೇ ಇರುವ ಪಟ್ಟಿ) ಬಾಗಿದೆ ಎಂಬ ಕಾರಣಕ್ಕೆ ಟ್ರೇಲರನ್ನು ಅದಕ್ಕಿಂತ ಮೇಲೆ, ಹಿಂದಿನ ಅಚ್ಚಿಗಿಂತಲೂ ಎತ್ತರದ ಕೊಂಡಿಗೆ ಹಾಕಿದ್ದರಂತೆ. ಗೊಬ್ಬರ ಮತ್ತು ಟ್ರೇಲರ್ ಸೇರಿ ಮೂರು ಟನ್ ಇದ್ದಿರಬಹುದು.

ಉತ್ತರ: ನಾಗಮಂಗಲದ ಮೆಕ್ಯಾನಿಕ್

ಹಾಗಾದರೆ ನಿಮ್ಮ ತೊಂದರೆ ಎಚ್‌ಪಿಯದಲ್ಲ. ಲೆಕ್ಕ ಹಾಕಿ ನೋಡೋಣ.

ಆ ವರ್ಗದ ಟ್ರ್ಯಾಕ್ಟರ್ ಸುಮಾರು 1800 ಕಿಲೋ ತೂಗುತ್ತದೆ. ಟ್ರೇಲರಿನ ಮೂರು ಟನ್ ಸೇರಿದರೆ 4800 ಕಿಲೋ. ಶೇಕಡಾ 15ರ ಏರಿನಲ್ಲಿ ಇದನ್ನು ಮೇಲಕ್ಕೆಳೆಯಲು 720 ಕಿಲೋದಷ್ಟು ಎಳೆತ ಬೇಕು, ಸಡಿಲ ಮಣ್ಣಿನಲ್ಲಿ ಚಕ್ರ ಉರುಳುವ ಪ್ರತಿರೋಧಕ್ಕೆ ಇನ್ನೊಂದು 330 ಎಂದಿಟ್ಟುಕೊಳ್ಳಿ. ಒಟ್ಟು 1050 ಕಿಲೋ. ಗಂಟೆಗೆ ಮೂರು ಕಿಲೋಮೀಟರ್ ವೇಗದಲ್ಲಿ ಇಷ್ಟು ಎಳೆಯಲು ಚಕ್ರದ ಬಳಿ ಬೇಕಾಗುವುದು ಸುಮಾರು 12 ಎಚ್‌ಪಿ ಮಾತ್ರ. ಗಾಡಿಯಲ್ಲಿ 35 ಇತ್ತು. ಇಲ್ಲದ್ದು ಹಿಡಿತ. ಹಿಂದಿನ ಚಕ್ರಗಳ ಮೇಲೆ ಬೀಳುವ ಭಾರ ಹನ್ನೊಂದು ಹನ್ನೆರಡು ನೂರು ಕಿಲೋ. ಉತ್ತ ಕೆಂಪು ಮಣ್ಣಿನಲ್ಲಿ ಅದರ ಅರ್ಧಕ್ಕಿಂತ ಕಡಿಮೆಯಷ್ಟೇ ಎಳೆತವಾಗಿ ಒದಗುತ್ತದೆ, ಟ್ರೇಲರಿನ ಮೂಕಿಯ ಭಾರ ಸೇರಿದರೂ 1050 ಮುಟ್ಟುವುದಿಲ್ಲ. 45 ಎಚ್‌ಪಿಯ ಗಾಡಿ ಇನ್ನಷ್ಟು ಭಾರವಿರುವುದರಿಂದ ಸ್ವಲ್ಪ ಹೆಚ್ಚು ಎಳೆದೀತು, ಆದರೆ ತನ್ನ ಆ ಹೆಚ್ಚಿನ ತೂಕವನ್ನೂ ಅದೇ ಏರು ಹತ್ತಿಸಬೇಕಲ್ಲ!

ಮುಂದಿನ ಚಕ್ರ ಎದ್ದದ್ದಕ್ಕೆ ಮುಖ್ಯ ಕಾರಣ ಆ ಎತ್ತರದ ಕೊಂಡಿ. ಕೆಳಗಿನ ಡ್ರಾಬಾರಿನಿಂದ ಎಳೆದಾಗ ಭಾರವು ಟ್ರ್ಯಾಕ್ಟರಿನ ಮೂತಿಯನ್ನು ಅತಿಯಾಗಿ ಎತ್ತದಂತೆ ವಿನ್ಯಾಸ ಮಾಡಿರುತ್ತಾರೆ. ಅಚ್ಚಿಗಿಂತ ಮೇಲಿನಿಂದ ಎಳೆದರೆ ಅದೇ ಭಾರ ಗಾಡಿಯನ್ನು ಹಿಂದಕ್ಕೆ ಮಗುಚುತ್ತದೆ. ಕ್ಲಚ್ ದಿಢೀರನೆ ಬಿಟ್ಟಾಗ ಗಾಡಿ ಪೂರ್ತಿ ಹಿಂದಕ್ಕೆ ಉರುಳಲು ಒಂದೂವರೆ ಸೆಕೆಂಡ್ ಸಾಕು, ಚಾಲಕನಿಗೆ ಯೋಚಿಸಲೂ ಸಮಯವಿರುವುದಿಲ್ಲ. ನಿಮ್ಮ ಚಾಲಕ ಅನುಭವಸ್ಥ, ಅದರಿಂದಲೇ ಉಳಿದರು.

ಕೊಳ್ಳುವ ಮಾತಿಗೆ ಬಂದರೆ, ನಿಮ್ಮ ಅಳತೆಗೆ 24ರಿಂದ 28 ಎಚ್‌ಪಿಯ ಫೋರ್ ವೀಲ್ ಡ್ರೈವ್ ಗಾಡಿಯೇ ಸರಿಯೆಂಬುದು ನನ್ನ ಖಚಿತ ಅಭಿಪ್ರಾಯ. ಮಹೀಂದ್ರ ಜೀವೊ 245, ಕುಬೋಟ ನಿಯೋಸ್ಟಾರ್ ಬಿ2441 ಇವು 24 ಎಚ್‌ಪಿಯವು, ಜಾನ್ ಡಿಯರ್ 3028ಇಎನ್ 28 ಎಚ್‌ಪಿಯದು. ನಾಲ್ಕೂ ಚಕ್ರಗಳು ಎಳೆಯುವುದರಿಂದ ಗಾಡಿಯ ಇಡೀ ತೂಕ ಹಿಡಿತಕ್ಕೆ ಬಳಕೆಯಾಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಇಳಿಯುವಾಗ ಸಿಗುತ್ತದೆ: ನಮ್ಮ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ ಮಾತ್ರ ಇರುತ್ತದೆ, ಫೋರ್ ವೀಲ್ ಹಾಕಿದ್ದರೆ ಮುಂದಿನ ಚಕ್ರಗಳಿಗೂ ಆ ತಡೆ ತಲುಪುತ್ತದೆ. ಮಣ್ಣು ಪುಡಿಮಾಡುವ ನಾಲ್ಕಡಿ ರೋಟವೇಟರನ್ನು ಇವು ಹೊರುತ್ತವೆ, ತೆಂಗಿನ ಸಾಲಿನ ನಡುವೆ ಸಲೀಸಾಗಿ ತಿರುಗುತ್ತವೆ. ಆದರೆ ಮೂರು ಟನ್ನಿನ ಟ್ರೇಲರನ್ನು ಆ ಏರಿಗೆ ಇವೂ ಎಳೆಯಲಾರವು. ಟ್ರೇಲರ್ ಸೇರಿ ಒಂದು ಟನ್ನಿನ ಆಸುಪಾಸಿಗೆ ನಿಲ್ಲಿಸಿ, ಒಂದು ಸಲದ ಗೊಬ್ಬರವನ್ನು ಮೂರು ಸಲ ಹೊಡೆಯಿರಿ.

ಸಣ್ಣ ಗಾಡಿಯಲ್ಲಿ ಒಂದು ಅಪಾಯವಿದೆ, ಅದನ್ನು ಮುಚ್ಚಿಡಬಾರದು. ಚಕ್ರಗಳ ನಡುವಿನ ಅಗಲ ಕಡಿಮೆ. ಶೇಕಡಾ 15 ಎಂದರೆ ಎಂಟೂವರೆ ಡಿಗ್ರಿ ಓರೆ. ಇಳಿಜಾರಿಗೆ ಅಡ್ಡಲಾಗಿ ಉಳುವಾಗ ಮೇಲ್ಬದಿಯ ಚಕ್ರ ಇಪ್ಪತ್ತು ಸೆಂಟಿಮೀಟರಿನ ಕಲ್ಲು ಹತ್ತಿತೆಂದರೆ, ಒಂದು ಮೀಟರ್ ಅಗಲದ ಗಾಡಿಗೆ ಇನ್ನೂ ಹನ್ನೊಂದು ಡಿಗ್ರಿ ಓರೆ ಸೇರುತ್ತದೆ. ಆದ್ದರಿಂದ ಹಿಂದಿನ ಚಕ್ರಗಳ ಡಿಸ್ಕ್ ತಿರುಗಿಸಿ ಅಗಲ ಹೆಚ್ಚಿಸಬಹುದಾದ ಮಾದರಿಯನ್ನೇ ಆರಿಸಿ, ಉಳುಮೆಗೆ ಮೊದಲು ಕಲ್ಲು ಆರಿಸಿ ತೆಗೆಯಿರಿ, ಸಲಕರಣೆಯನ್ನು ಆದಷ್ಟು ನೆಲಕ್ಕೆ ಹತ್ತಿರವಿಟ್ಟು ಓಡಿಸಿ. ಶೇಕಡಾ 22ರ ಬೋರೆಗೆ ಯಾವ ಟ್ರ್ಯಾಕ್ಟರನ್ನೂ ಹತ್ತಿಸಬೇಡಿ. ಅಲ್ಲಿ ಮಾವನ್ನೋ ಮೇವಿನ ಹುಲ್ಲನ್ನೋ ಹಾಕಿ.

ಉತ್ತರ: ನಂಜನಗೂಡು ಕಡೆಯ ರೈತ

ಮೇಲಿನವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ನೀವು ಮೆಚ್ಚಿದ ಮಾದರಿಯ ವರದಿಯನ್ನು ಮಾರಾಟಗಾರರಿಂದ ಕೇಳಿ ಪಡೆಯಿರಿ. ಅದರಲ್ಲಿ ಪಿಟಿಒ ಶಕ್ತಿ (ಸಲಕರಣೆ ತಿರುಗಿಸುವ ದಂಡಕ್ಕೆ ಸಿಗುವ ಶಕ್ತಿ), ಡ್ರಾಬಾರ್ ಎಳೆತ, ತಿರುಗುವ ಅಳತೆ ಎಲ್ಲವೂ ಇರುತ್ತದೆ, ಬಾನೆಟ್ಟಿನ ಮೇಲೆ ಬರೆದ ಎಚ್‌ಪಿಗಿಂತ ಅದು ಹೆಚ್ಚು ನಂಬಿಕೆಗೆ ಅರ್ಹ. ಸಂದೇಹ ಉಳಿದರೆ ನಿಮಗೆ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ ಹತ್ತಿರವೇ ಇದೆ. ನಮ್ಮ ಕಡೆಯವರು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗುತ್ತೇವೆ.

ಸಹಾಯಧನ ಬೇಕಿದ್ದರೆ ಪಹಣಿ ಹಾಗೂ ಫ್ರೂಟ್ಸ್ (ರೈತರ ನೋಂದಣಿ) ಸಂಖ್ಯೆಯೊಂದಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ವಿಚಾರಿಸಿ, ಮುಂಗಡ ಕೊಟ್ಟ ಮೇಲೆ ಹೋಗಬೇಡಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ, ಹಳೆಯ ದರಪಟ್ಟಿ ತೋರಿಸಿದರೆ ಒಪ್ಪಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೈಮುಗಿಯುತ್ತೇನೆ. ಬೇರೊಂದು ಮಳಿಗೆಯವರು ನಿನ್ನೆ 24 ಎಚ್‌ಪಿಯ ಫೋರ್ ವೀಲ್ ಗಾಡಿಯನ್ನು ನಮ್ಮ ಹೊಲಕ್ಕೇ ತಂದು ತೋರಿಸಿದರು. ಕೆಳಗಿನ ಡ್ರಾಬಾರಿಗೆ ಸಣ್ಣ ಟ್ರೇಲರ್ ಹಾಕಿ, ಎಂಟು ಕ್ವಿಂಟಾಲಿನಷ್ಟು ಗೊಬ್ಬರ ತುಂಬಿ ಅದೇ ಏರು ಹತ್ತಿಸಿದೆವು. ಮೊದಲು ಮುಂದಿನ ಚಾಲನೆ ಹಾಕದೆ ಹತ್ತಿಸಿದಾಗ ಅರ್ಧದಲ್ಲಿ ಮಣ್ಣು ಕೆದರಿತು. ಸನ್ನೆ ಎಳೆದು ನಾಲ್ಕೂ ಚಕ್ರ ಸೇರಿಸಿದ ಮೇಲೆ ಸದ್ದೂ ಹೆಚ್ಚಾಗದೆ ಮೇಲೆ ಬಂತು. ಇದನ್ನೇ ಕೊಳ್ಳುವುದೆಂದು ನಿಶ್ಚಯಿಸಿದ್ದೇವೆ, ಬೋರೆಯನ್ನು ಮಾವಿಗೆ ಬಿಡುತ್ತೇವೆ. ಒಂದೇ ಸಂದೇಹ: ಆಸನದ ಹಿಂದಿರುವ ಕಬ್ಬಿಣದ ಕಮಾನು ತೋಟದಲ್ಲಿ ತೆಂಗಿನ ಗರಿಗೆ ತಗುಲುತ್ತದೆ. ಬಿಚ್ಚಿಟ್ಟರೆ ಆದೀತೇ?

ಉತ್ತರ: ನಾಗಮಂಗಲದ ಮೆಕ್ಯಾನಿಕ್

ದಯವಿಟ್ಟು ಬಿಚ್ಚಬೇಡಿ. ಗಾಡಿ ಉರುಳಿದಾಗ ಚಾಲಕನ ಮೇಲೆ ಅದು ಬೀಳದಂತೆ ತಡೆಯುವುದು ಆ ಕಮಾನೇ, ಅದೂ ಸೀಟ್ ಬೆಲ್ಟ್ ಕಟ್ಟಿಕೊಂಡಿದ್ದಾಗ ಮಾತ್ರ. ಮಡಚುವ ಕಮಾನು ಹಾಕಿಸಿಕೊಡಲು ಕೇಳಿ. ತೋಟದಲ್ಲಿ ಮಡಚಿಕೊಂಡು ಬೆಲ್ಟ್ ಬಿಚ್ಚಿ ಕೆಲಸ ಮಾಡಿ. ತೋಟದ ಬದು ದಾಟಿ ಮೇಲಿನ ಹೊಲಕ್ಕೆ ಹೋಗುವ ಮೊದಲು ಗಾಡಿ ನಿಲ್ಲಿಸಿ, ಇಳಿದು, ಕಮಾನು ನೆಟ್ಟಗೆ ಮಾಡಿ, ಎರಡೂ ಪಿನ್ನು ಹಾಕಿ, ಬೆಲ್ಟ್ ಕಟ್ಟಿ. ಹಾಗೆಯೇ ಎರಡೂ ಬ್ರೇಕ್ ಪೆಡಲುಗಳ ಕೊಂಡಿಯನ್ನು ಸೇರಿಸಿಕೊಳ್ಳಿ. ಇಳಿಜಾರಿನಲ್ಲಿ ಒಂದೇ ಪೆಡಲ್ ತುಳಿದರೆ ಗಾಡಿ ಒಂದು ಪಕ್ಕಕ್ಕೆ ತಿರುಗಿಬಿಡುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ, ನಡುದಾರಿಯಲ್ಲಿ ನ್ಯೂಟ್ರಲ್ ಮಾಡಬೇಡಿ. ಮಗನಿಗೂ ಇದನ್ನು ಓದಿ ಹೇಳಿ.