ಹಳೇ ರೈನ್‌ಫೆಲ್ಡ್ ಚೆಸ್ ಪುಸ್ತಕ ಸಾಕಾ, ಹೊಸ ಆವೃತ್ತಿ ತಗೊಳ್ಬೇಕಾ?

ಮೂಲೆಯ ಆನೆ:
ಚಿಕ್ಕಪ್ಪನ ಕಪಾಟಿನಲ್ಲಿ ಫ್ರೆಡ್ ರೈನ್‌ಫೆಲ್ಡ್ ಬರೆದ 1001 ಚೆಸ್ ಕಾಂಬಿನೇಷನ್‌ಗಳ (ಲಾಭ ತರುವ ನಡೆಗಳ ಸರಣಿ) ಪುಸ್ತಕ ಸಿಕ್ಕಿತು, 1955ರದ್ದು. ಪಜಲ್‌ಗಳು ಚೆನ್ನಾಗಿವೆ, ಆದರೆ ಉತ್ತರ ನೋಡಲು ಕೊನೆಯ ಪುಟಗಳನ್ನು ತೆಗೆದರೆ ತಲೆ ಕೆಡುತ್ತದೆ. ಪೂರ್ತಿ ಡಿಸ್ಕ್ರಿಪ್ಟಿವ್ ನೊಟೇಷನ್, ಅಂದರೆ ನಡೆ ಬರೆಯುವ ಹಳೇ ಪದ್ಧತಿ. 2014ರಲ್ಲಿ ಆಲ್ಜೀಬ್ರಾಯಿಕ್‌ನಲ್ಲಿ (ಪ್ರತಿ ಮನೆಗೂ ಇ7 ತರ ಒಂದೇ ಹೆಸರಿರುವ ಈಗಿನ ಪದ್ಧತಿ) ಮತ್ತೆ ಅಚ್ಚಾಗಿದೆ, ಅದನ್ನೇ ಕೊಳ್ಳಲಾ? ನನ್ನ ಆನ್‌ಲೈನ್ ರೇಟಿಂಗ್ 1300ರಲ್ಲೇ ಕೂತಿದೆ.

ಒಂಟೆಮರಿ:
ದುಡ್ಡು ಉಳಿಸಿ ಸರ್. ಮೂರು ದಿನದಲ್ಲಿ ರೂಢಿಯಾಗುತ್ತದೆ. ಎಡವೋದು ಒಂದೇ ಕಡೆ, ಯಾರು ಆಡುತ್ತಾರೋ ಅವರ ಕಡೆಯಿಂದ ಮನೆ ಎಣಿಸಬೇಕು. 'ಆರ್-ಕೆ7' (ಆನೆ ರಾಜನ ಸಾಲಿನ ಏಳನೇ ಮನೆಗೆ) ಅಂತಿದ್ದರೆ ಬಿಳಿಯ ಆನೆ ಇ7ಕ್ಕೆ ಹೋಗುತ್ತದೆ, ಅದೇ ಕಪ್ಪಿನದಾದರೆ ಇ2ಕ್ಕೆ. ನಾನು ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಿದ್ದೆ.

ಹಿಮ್ಮಡಿ:
ನಾನು ಒಪ್ಪಲ್ಲ. ನಮಗೆ ರೂಢಿಯಾಗಬಹುದು, ಮಕ್ಕಳಿಗೆ ಯಾಕೆ ಈ ಕಷ್ಟ? ಮಗಳಿಗೆ ಹಳೇದು ಕೊಟ್ಟೆ, ಸರಿಯಾಗಿ ಬಿಡಿಸಿದ್ದನ್ನೂ ಉತ್ತರ ತಪ್ಪು ಓದಿಕೊಂಡು ತಪ್ಪು ಅಂದುಕೊಂಡಳು, ಆಮೇಲೆ ಪುಸ್ತಕ ಮುಟ್ಟಲೇ ಇಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಹೊಸದೇ ತಗೊಳ್ಳಿ. ಅಂದಹಾಗೆ ಇವೆಲ್ಲ ಚೆಸ್ ಎಂಜಿನ್ (ನಡೆ ಲೆಕ್ಕಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಇಲ್ಲದ ಕಾಲದ ಪಜಲ್‌ಗಳು. ಯಾವುದಾದರೂ ಉತ್ತರ ಸುತರಾಂ ಒಪ್ಪಿಗೆಯಾಗದಿದ್ದರೆ ಸ್ಟಾಕ್‌ಫಿಶ್ ಅನ್ನೋ ಎಂಜಿನ್‌ಗೆ ಹಾಕಿ ನೋಡಿ, ಸುಮ್ನೆ ರಾತ್ರಿಯೆಲ್ಲ ತಲೆ ಚಚ್ಚಿಕೊಳ್ಳಬೇಡಿ.

ಎರಡು ಕುದುರೆ:
ನೊಟೇಷನ್ ಬಿಡಿ, ಅಸಲು ತೊಂದರೆ ಬೇರೆ ಇದೆ. ಆ ಪುಸ್ತಕದಲ್ಲಿ ಪಜಲ್‌ಗಳನ್ನು ಪಿನ್ (ಹಿಂದಿರುವ ಕಾಯಿಗೆ ಅಪಾಯವಾಗುವುದರಿಂದ ಮುಂದಿನದು ಕದಲಲಾಗದ ಸ್ಥಿತಿ), ಕುದುರೆ ಫೋರ್ಕ್ (ಒಂದೇ ಕುದುರೆ ಎರಡು ಕಾಯಿಗಳ ಮೇಲೆ ಒಟ್ಟಿಗೆ ದಾಳಿ ಮಾಡೋದು) ಅಂತ ಅಧ್ಯಾಯ ಮಾಡಿ ಹಾಕಿದ್ದಾರೆ. ಫೋರ್ಕ್ ಅಧ್ಯಾಯದಲ್ಲಿ ಕೂತವನು ಕುದುರೆ ಬಿಟ್ಟು ಇನ್ನೇನು ನೋಡ್ತಾನೆ, ಅಲ್ವಾ? ಹೊಸ ಆವೃತ್ತಿ ಕೊಂಡರೂ ಇದು ತಪ್ಪಲ್ಲ. ಮೊದಲ ಸುತ್ತು ಅಧ್ಯಾಯದ ಪ್ರಕಾರ ಮಾಡಿ, ಎರಡನೇ ಸುತ್ತಿಗೆ ಕಣ್ಮುಚ್ಚಿ ಪುಟ ತೆಗೆದು ತಲೆಬರಹ ಕೈಯಲ್ಲಿ ಮುಚ್ಚಿಕೊಳ್ಳಿ. 2018ರಲ್ಲಿ ಬಂದ 'ದಿ ವುಡ್‌ಪೆಕರ್ ಮೆಥಡ್' ಪುಸ್ತಕ ಹೇಳೋದೂ ಹೆಚ್ಚುಕಡಿಮೆ ಇದನ್ನೇ, ಅವೇ ಪಜಲ್‌ಗಳನ್ನು ಮತ್ತೆ ಮತ್ತೆ, ಪ್ರತಿ ಸಲ ಕಡಿಮೆ ಸಮಯದಲ್ಲಿ ಬಿಡಿಸಿ ಅಂತ. ಆದರೆ ಅದರ ಕೊನೆಯ ಭಾಗ 1300 ರೇಟಿಂಗ್‌ನವರಿಗೆ ಜಾಸ್ತಿ ಕಷ್ಟ ಆಯಿತು.

ಮೂಲೆಯ ಆನೆ:
ತಲೆಬರಹ ಮುಚ್ಚಿಕೊಂಡು ಹತ್ತು ಮಾಡಿದೆ. ನಾಲ್ಕು ಸರಿ. ನಿನ್ನೆ ಇವೇ ಹತ್ತರಲ್ಲಿ ಒಂಬತ್ತು ಬಂದಿತ್ತು! ಸದ್ಯಕ್ಕೆ ಹಳೇದೇ ಇರಲಿ, ಪೆನ್ಸಿಲ್ ಹುಡುಕ್ತೀನಿ. ಚಿಕ್ಕಪ್ಪನಿಗೆ ಮಾತ್ರ ಹೇಳಬೇಡಿ.