ಮಾಗಡಿ ಕೆರೆಯ ಬಾತು: ಫೋಟೋ ಎಲ್ಲಾ ಮಸುಕು, ಗುರುತೂ ಸಿಗುತ್ತಿಲ್ಲ

ಪ್ರಶ್ನೆ (ಗದಗ)

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿದ್ದೆ. ಪಟ್ಟೆತಲೆ ಹೆಬ್ಬಾತುಗಳು ಸಾಕಷ್ಟು ಇದ್ದವು, ಅವುಗಳಲ್ಲಿ ಗೊಂದಲವಿಲ್ಲ. ಅವುಗಳ ಪಕ್ಕದಲ್ಲಿ ಎರಡು ಚಿಕ್ಕ ಕಂದು ಬಾತು ಈಜುತ್ತಿದ್ದವು. 150-600 ಲೆನ್ಸನ್ನು 600ಕ್ಕೆ ಎಳೆದಿದ್ದೆ. ಶಟರ್ 1/2000, ಟ್ರೈಪಾಡ್ ಇತ್ತು. ಸಮಯ ಬೆಳಿಗ್ಗೆ 11. ಎಂಬತ್ತು ಫೋಟೋದಲ್ಲಿ ಒಂದೂ ಶಾರ್ಪ್ ಇಲ್ಲ. ಕಣ್ಣು, ಗರಿ ಎಲ್ಲಾ ಕಲಸಿದಂತೆ ಇದೆ. ಹಕ್ಕಿ ಗುರುತಿಸುವ ಆ್ಯಪ್‌ಗೆ ಹಾಕಿದರೆ ಒಂದು ಫೋಟೋಗೆ ಗಾರ್ಗನಿ ಬಾತು ಅನ್ನುತ್ತದೆ, ಅದೇ ಹಕ್ಕಿಯ ಇನ್ನೊಂದು ಫೋಟೋಗೆ ಕಾಮನ್ ಟೀಲ್ ಅನ್ನುವ ಬೇರೆ ಬಾತು ಅನ್ನುತ್ತದೆ. ಕ್ಯಾಮೆರಾ ಅಂಗಡಿಯಲ್ಲಿ ಲೆನ್ಸ್ ರಿಪೇರಿಗೆ ಕೊಡಿ ಅಂದರು. ಎರಡು ವರ್ಷ ದುಡ್ಡು ಕೂಡಿಸಿ ತಗೊಂಡ ಲೆನ್ಸು. ತುಂಬಾ ಬೇಜಾರಾಗಿದೆ.

ಉತ್ತರ (ಹುಬ್ಬಳ್ಳಿ)

ರಿಪೇರಿಗೆ ಕೊಡುವ ಮೊದಲು ಮನೆಯಲ್ಲೇ ನೋಡಿಬಿಡಿ. ಹಾಲಿನ ಪ್ಯಾಕೆಟ್ ಒಂದನ್ನು ಕಾಂಪೌಂಡ್ ಗೋಡೆಗೆ ಅಂಟಿಸಿ, ಹದಿನೈದು ಹೆಜ್ಜೆ ದೂರದಿಂದ 600ರಲ್ಲೇ ತೆಗೆಯಿರಿ. ಬೆಳಿಗ್ಗೆ ಬೇಗ, ನೆರಳಲ್ಲಿ.

ಪ್ರಶ್ನೆ ಕೇಳಿದವರು

ತೆಗೆದೆ ಸರ್. ಪ್ಯಾಕೆಟ್ ಮೇಲಿನ ಸಣ್ಣ ಅಕ್ಷರವೂ ಓದಲು ಬರುತ್ತದೆ! ಹಾಗಾದರೆ ಕೆರೆಯಲ್ಲಿ ಏನಾಯಿತು?

ಉತ್ತರ (ಧಾರವಾಡ)

ತಮ್ಮಾ, ಲೆನ್ಸಿಗೆ ಏನೂ ಆಗಿಲ್ಲ. ತಪ್ಪು ಗಾಳಿಯದು. ರೊಟ್ಟಿ ಹಂಚಿನ ಮೇಲೆ ಗಾಳಿ ನಡುಗುವುದನ್ನು ನೋಡಿದ್ದೀಯಲ್ಲ, ಅದೇ. ಬಿಸಿಲೇರಿದ ಮೇಲೆ ಒಡ್ಡಿನ ಕಲ್ಲು, ಮಣ್ಣು ಕಾಯುತ್ತವೆ, ಅವುಗಳ ಮೇಲಿನ ಗಾಳಿಯೂ ಕಾಯುತ್ತದೆ. ಬಿಸಿಗಾಳಿ, ತಣ್ಣನೆ ಗಾಳಿ ಬೆರೆಯುವ ಕಡೆ ಬೆಳಕು ಆಚೀಚೆ ಬಾಗುತ್ತದೆ. ನಿನಗೂ ಬಾತಿಗೂ ನಡುವೆ ಅಂಥ ಗಾಳಿ ನೂರಾರು ಅಡಿ ಇರುತ್ತದೆ. ಅದಕ್ಕೆ ಶಟರ್ ಎಷ್ಟು ಏರಿಸಿದರೂ, ಟ್ರೈಪಾಡ್ ಎಷ್ಟು ಗಟ್ಟಿ ಇದ್ದರೂ ಉಪಯೋಗವಿಲ್ಲ. ಬರ್ಸ್ಟ್‌ನಲ್ಲಿ ಬಟನ್ ಒತ್ತಿ ಹಿಡಿದು ಒಂದರ ಹಿಂದೊಂದು ತೆಗೆದ ಹತ್ತು ಫೋಟೋ ಸಾಲಾಗಿ ನೋಡು. ಕೊಕ್ಕಿನ ಅಂಚು ಒಂದರಲ್ಲಿ ಒಂದು ಥರ ಸೊಟ್ಟಗಿದ್ದರೆ ಅದು ಬಿಸಿಗಾಳಿಯೇ.

ಆದ್ದರಿಂದ ಸೂರ್ಯ ಹುಟ್ಟುವ ಹೊತ್ತಿಗೇ ಅಲ್ಲಿರು. ಒಂಬತ್ತಾದ ಮೇಲೆ ದೂರದ ಹಕ್ಕಿಗೆ ಕ್ಯಾಮೆರಾ ಎತ್ತಬೇಡ, ಬೈನಾಕ್ಯುಲರ್ ಸಾಕು. ಬಿಸಿಲು ನಿನ್ನ ಬೆನ್ನಿಗಿರಲಿ. ಬ್ಯಾಗಿನೊಳಗೆ ಬೆಚ್ಚಗಿದ್ದ ಲೆನ್ಸನ್ನು ಹೋದ ಕೂಡಲೇ ಹೊರಗೆ ತೆಗೆದಿಟ್ಟು ತಣ್ಣಗಾಗಲು ಬಿಡು. ಲೆನ್ಸಿನ ಮುಂದೆ ಬಿಸಿಲು ತಡೆಯಲು ಹಾಕುವ ಹುಡ್ ಒಳಗೆ ನಿಂತ ಬಿಸಿಗಾಳಿಯೂ ಹೀಗೇ ಮಾಡುತ್ತದೆ.

ಈಗ ಗುರುತಿನ ಮಾತು. ಒಂದು ಚಂದದ ಫೋಟೋಗಾಗಿ ಕಾಯಬೇಡ, ಒಂದೇ ಹಕ್ಕಿಯನ್ನು ಐದು ನಿಮಿಷ ಬಿಡದೆ ನೋಡು. ಮೊದಲು ಮುಖ. ಗಾರ್ಗನಿ ಹೆಣ್ಣಿನ ಮುಖ ಪಟ್ಟೆಪಟ್ಟೆ: ಕಣ್ಣಿನ ಮೇಲೆ ತಿಳಿ ಹುಬ್ಬು, ಕಣ್ಣಿನ ಮೂಲಕ ಕಪ್ಪು ಗೆರೆ, ಕೆನ್ನೆಗೆ ಅಡ್ಡಲಾಗಿ ಇನ್ನೊಂದು ಗೆರೆ, ಕೊಕ್ಕಿನ ಬುಡದಲ್ಲಿ ಬಿಳಿ ಮಚ್ಚೆ. ಟೀಲ್ ಹೆಣ್ಣಿನ ಮುಖ ಸಪ್ಪೆ. ಅದರ ಕೊಕ್ಕು ಚಿಕ್ಕದು, ಬುಡದಲ್ಲಿ ಸಾಮಾನ್ಯವಾಗಿ ಸ್ವಲ್ಪ ಹಳದಿ ಇರುತ್ತದೆ. ಆಮೇಲೆ ಬಾಲದ ಬುಡ. ಟೀಲ್‌ಗೆ ಅಲ್ಲಿ ಪಕ್ಕದಲ್ಲಿ ಸುಣ್ಣದಲ್ಲಿ ಎಳೆದಂಥ ತಿಳಿ ಗೆರೆ ಕಾಣುತ್ತದೆ. ಫೋಟೋ ಮಸುಕಾದರೂ ಇದು ಉಳಿಯುತ್ತದೆ, ಹಾಗಾಗಿ ನಿನ್ನ ಹಳೆಯ ಫೋಟೋಗಳಲ್ಲೂ ಹುಡುಕು.

ಗಟ್ಟಿ ಸಾಕ್ಷಿ ರೆಕ್ಕೆಯಲ್ಲಿದೆ. ಬಾತು ಗರಿ ತಿದ್ದಿಕೊಂಡ ಮೇಲೆ ಎಷ್ಟೋ ಸಲ ನೀರಿನ ಮೇಲೆ ಎದ್ದು ಎರಡು ಮೂರು ಸಲ ರೆಕ್ಕೆ ಬಡಿಯುತ್ತದೆ. ಕೊಕ್ಕು ಬೆನ್ನಿನ ಗರಿಗೆ ಹೋಯಿತು ಅಂದರೆ ಬೆರಳು ಬಟನ್ ಮೇಲಿರಲಿ. ಇನ್ನೊಂದು ವಿಷಯ, ಇದರಲ್ಲಿ ನಾನೂ ಬಹಳ ವರ್ಷ ಎಡವಿದ್ದೇನೆ. ಚಳಿಗಾಲದ ಮೊದಲರ್ಧದಲ್ಲಿ ಗಾರ್ಗನಿ ಗಂಡು ಕೂಡ ಹೆಣ್ಣಿನಂತೆಯೇ ಕಂದು. ಗಂಡಿನ ಗುರುತಾದ ಅಗಲದ ಬಿಳಿ ಹುಬ್ಬು ಬರುವುದು ತಡ. ರೆಕ್ಕೆ ಬಿಚ್ಚಿದಾಗ ಮುಂಭಾಗ ತಿಳಿ ನೀಲಿ-ಬೂದು ಕಂಡರೆ ಅದು ಗಂಡು.

ಮುಖ್ಯವಾದದ್ದು ಒಂದಿದೆ. ಹತ್ತಿರದ ಫೋಟೋಗಾಗಿ ಒಡ್ಡು ಇಳಿದು ನೀರಿನ ಕಡೆ ನಡೆಯಬೇಡ. ಹೆಬ್ಬಾತುಗಳು ರಾತ್ರಿ ಹೊಲಗಳಲ್ಲಿ ಮೇಯ್ದು ಹಗಲು ಅಲ್ಲಿ ವಿಶ್ರಾಂತಿಗೆ ಬಂದಿರುತ್ತವೆ. ಒಂದು ಎದ್ದರೆ ಹಿಂಡೇ ಏಳುತ್ತದೆ. 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಕೆರೆ ಅದು, ಅಲ್ಲಿ ಹಕ್ಕಿಗೆ ನೆಮ್ಮದಿ ಸಿಗಬೇಕು ಅಲ್ವಾ? ಒಂದು ಕಡೆ ಸುಮ್ನೆ ಕೂತುಬಿಡು. ಅವೇ ತೇಲುತ್ತಾ ಹತ್ತಿರ ಬರುತ್ತವೆ.

ಪ್ರಶ್ನೆ ಕೇಳಿದವರು (ಮುಂದಿನ ಭಾನುವಾರ)

ಸರ್, ಇವತ್ತು ಆರೂವರೆಗೇ ಒಡ್ಡಿನ ಮೇಲಿದ್ದೆ. ಜಾಸ್ತಿ ಓಡಾಡಲಿಲ್ಲ. ಅವೇ ಎರಡು ಅಂತ ಹೇಳಲಾರೆ, ಆದರೆ ಅಂಥವೇ ಎರಡು ಕಂಡವು. ಏಳೂಕಾಲಿಗೆ ಒಂದು ಎದ್ದು ರೆಕ್ಕೆ ಬಡಿಯಿತು. ನಾಲ್ಕು ಫೋಟೋ ಸಿಕ್ಕವು, ಶಾರ್ಪ್ ಇವೆ. ರೆಕ್ಕೆಯ ಮುಂಭಾಗ ನೀಲಿ-ಬೂದು! ಗಾರ್ಗನಿ ಗಂಡು. ಅದರ ಪಕ್ಕದ್ದರ ಬಾಲದ ಬುಡದಲ್ಲಿ ನೀವು ಹೇಳಿದ ಸುಣ್ಣದ ಗೆರೆ ಇದೆ, ಮುಖ ಸಪ್ಪೆ. ಟೀಲ್ ಅಂತ ಬರೆದುಕೊಂಡೆ. ಹಳೆಯ ಫೋಟೋ ತೆರೆದರೆ ಅಲ್ಲೂ ಒಂದರಲ್ಲಿ ಆ ಗೆರೆ ಇದೆ. ನಾನು ಎರಡು ಬೇರೆ ಬೇರೆ ಬಾತುಗಳನ್ನು ಒಂದೇ ಹಕ್ಕಿ ಅಂದುಕೊಂಡು ಆ್ಯಪ್‌ಗೆ ಹಾಕಿದ್ದೆ.