ಎಲ್‌ಕೆಜಿಗೆ ಹೊರಟ ಹುಡುಗನಿಗೆ ಏನೆಲ್ಲ ಅಭ್ಯಾಸ ಮಾಡಿಸಬೇಕು?

ಬದಿಯಡ್ಕದಿಂದ (ಕೇರಳದ ಕಾಸರಗೋಡು ಜಿಲ್ಲೆ): ಮಗನಿಗೆ ನಾಲ್ಕು ತುಂಬಿತು, ಜೂನ್‌ನಲ್ಲಿ ಎಲ್‌ಕೆಜಿ. ಅಜ್ಜಿ ಉಣಿಸಿದರೆ ಮಾತ್ರ ಊಟ, ಒಂದಕ್ಕೆ ಹೋಗಲೂ ನಾನೇ ಬೇಕು. ಮನೆಯಲ್ಲಿ ತುಳು, ಸ್ವಲ್ಪ ಕನ್ನಡ, ಮಲಯಾಳ ಬಾರದು. ಅಕ್ಷರ ಈಗಲೇ ತಿದ್ದಿಸಬೇಕೇ? ಅನುಭವ ಇದ್ದವರು ಹೇಳಿ.

ನೀರ್ಚಾಲಿನಿಂದ: ಅಕ್ಷರದ ಚಿಂತೆ ಬಿಡಿ ಅಕ್ಕ, ಅದಕ್ಕೆ ಟೀಚರ್ ಇದ್ದಾರೆ. ಚಡ್ಡಿ ಜಾರಿಸಿ ಏರಿಸಿಕೊಳ್ಳುವುದನ್ನು ಮನೆಯಲ್ಲೇ ಕಲಿಯಬೇಕು. ಯೂನಿಫಾರ್ಮ್ ಹೊಲಿಸುವಾಗಲೇ ಹುಕ್ಕು, ಜಿಪ್ ಬೇಡ, ಸೊಂಟಕ್ಕೆ ಇಲಾಸ್ಟಿಕ್ ಹಾಕಿ ಎಂದು ಟೈಲರಿಗೆ ಹೇಳಿ. ಮನೆಯಲ್ಲಿ ಕಮೋಡ್ ಇದ್ದು ಶಾಲೆಯಲ್ಲಿ ಕುಕ್ಕರುಗಾಲಲ್ಲಿ ಕೂರುವ ಕಕ್ಕಸಾದರೆ ಮಕ್ಕಳು ಹೆದರುತ್ತಾರೆ. ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ ಬನ್ನಿ. ತಿಂಡಿ ಡಬ್ಬಿ, ನೀರಿನ ಬಾಟ್ಲಿ ಈಗಲೇ ತಂದು ಆಟಕ್ಕೆ ಕೊಡಿ, ತೆಗೆದು ಮುಚ್ಚಿ ಅಭ್ಯಾಸವಾಗಲಿ. ನಾವು ತಂದ ಡಬ್ಬಿ ನೋಡಲು ಚಂದ, ನಾಲ್ಕೂ ಕಡೆ ಲಾಕು. ನನಗೇ ತೆಗೆಯಲು ಆಗುತ್ತಿರಲಿಲ್ಲ!

ಉಪ್ಪಳದಿಂದ: ಟೀಚರ್ ಮಲಯಾಳದವರಾದರೆ ನಮ್ಮ ಮಕ್ಕಳು ಬಾಯಿಬಿಡದೆ ಮೂತ್ರ ಕಟ್ಟಿಕೊಂಡು ಕೂರುತ್ತಾರೆ. ಕಿರುಬೆರಳು ಎತ್ತಿ ತೋರಿಸಲು ಕಲಿಸಿ, ಎಲ್ಲ ಭಾಷೆಯವರಿಗೂ ಅರ್ಥವಾಗುತ್ತದೆ. ಮನೆಯಲ್ಲಿ ನೀರಿಗೆ, ಹಸಿವಿಗೆ, ಹೊಟ್ಟೆನೋವಿಗೆ ಅವನು ಏನು ಹೇಳುತ್ತಾನೆ ಎಂಬುದನ್ನು ಚೀಟಿಯಲ್ಲಿ ಬರೆದು ಟೀಚರಿಗೆ ಕೊಡಿ. ಮಲಯಾಳ ತಾನಾಗಿ ಬರುತ್ತದೆ. ಓಣಂ ರಜೆಯ ಹೊತ್ತಿಗೆ ನಮ್ಮವನು ನಮ್ಮನ್ನೇ ತಿದ್ದಲು ಶುರುಮಾಡಿದ್ದ.

ಕುಂಬಳೆಯಿಂದ: ಜೂನ್‌ವರೆಗೆ ಹತ್ತಿರದ ಅಂಗನವಾಡಿಗೆ ಕಳಿಸಿ ನೋಡಿ. ಮೂರರಿಂದ ಆರು ವರ್ಷದವರಿಗೆಂದೇ ಇರುವುದು. ಮನೆಯಲ್ಲಿ ಬಾಯಿ ಮುಚ್ಚಿ ಕೂರುವವನು ನಾಲ್ಕು ಮಕ್ಕಳ ಜತೆ ಪಂಕ್ತಿಯಲ್ಲಿ ಕೂತರೆ ತಾನೇ ತಿನ್ನುತ್ತಾನೆ. ಅಂಗನವಾಡಿಯಲ್ಲಿ ಉಪ್ಪಿಟ್ಟು ಬೇಡ, ಬಿರಿಯಾನಿ ಬೇಕು ಎಂದ ಪುಟ್ಟ ಹುಡುಗನ ವೀಡಿಯೋ ನೋಡಿದ್ದೀರಲ್ಲ, ಆಮೇಲೆ ಕೇರಳದ ಅಂಗನವಾಡಿಗಳ 2025ರ ಹೊಸ ಮೆನುವಿನಲ್ಲಿ ಮೊಟ್ಟೆ ಬಿರಿಯಾನಿಯೂ ಸೇರಿತು. ನಮ್ಮಲ್ಲಿ ಕೆಲವರಿಗೆ ಅಂಗನವಾಡಿ ಎಂದರೆ ಅಸಡ್ಡೆ. ನನಗಂತೂ ಅದು ಸರಿ ಕಾಣುವುದಿಲ್ಲ.

ಪೆರ್ಲದಿಂದ: ಶಾಲೆಯೂ ಮಳೆಯೂ ಒಟ್ಟಿಗೇ ಶುರು, ಮರೆಯಬೇಡಿ. ಕೊಡೆ ಹಿಡಿಯಲು ಅವನ ಕೈಗೆ ಬಲವಿಲ್ಲ. ಬ್ಯಾಗಿನ ಮೇಲಿಂದ ಹಾಕುವ ರೈನ್‌ಕೋಟ್ ತನ್ನಿ. ಬ್ಯಾಗಿನಲ್ಲಿ ಒಂದು ಜತೆ ಒಣ ಬಟ್ಟೆ ಯಾವಾಗಲೂ ಇರಲಿ. ಬಿಟ್ಟು ಬರುವಾಗ ಕಣ್ಣು ತಪ್ಪಿಸಿ ಬರಬೇಡಿ, ಮಧ್ಯಾಹ್ನ ಬರುತ್ತೇನೆ ಎಂದು ಹೇಳಿಯೇ ಹೊರಡಿ.

ಮುಳ್ಳೇರಿಯದಿಂದ: ಹೇಳಿ ಹೊರಟರೆ ನಮ್ಮವನು ಇನ್ನೂ ಜೋರು ಕೂಗುತ್ತಿದ್ದ. ಕೊನೆಗೆ ಅವನ ಅಪ್ಪ ಬಿಡಲು ಶುರುಮಾಡಿದರು, ರಗಳೆ ನಿಂತಿತು. ಅಮ್ಮ ಕಂಡರೇ ಕೂಗುವುದು ಕೆಲವರಿಗೆ.

ಬದಿಯಡ್ಕದಿಂದ: ಎಲ್ಲರಿಗೂ ಧನ್ಯವಾದ. ಅಂಗನವಾಡಿ ಮನೆಯ ಹತ್ತಿರವೇ ಇದೆ, ನಾಳೆ ವಿಚಾರಿಸುತ್ತೇನೆ. ಉಣಿಸಬೇಡಿ ಎಂದರೆ ಅಜ್ಜಿಗೆ ಬೇಜಾರಾಗುತ್ತದೆ, ಏನು ಮಾಡಲಿ?

ನೀರ್ಚಾಲಿನಿಂದ: ಬೇಡ ಎನ್ನಬೇಡಿ. ಅಜ್ಜಿಗೂ ಅದೇ ಹೊತ್ತಿಗೆ ಬಡಿಸಿ, ಅವನ ಪಕ್ಕದಲ್ಲೇ ಕೂರಿಸಿ. ಅರ್ಧ ಅನ್ನ ನೆಲಕ್ಕೆ ಬೀಳುತ್ತದೆ, ಗುಡಿಸಿದರಾಯಿತು.